ಆ ಹೆಸರಿಗೆ ಎದ್ದವರು

ಮಗು ಹುಟ್ಟಿ ಮೂರು ತಿಂಗಳಾದರೂ ಅದಕ್ಕೊಂದು ಹೆಸರಿಲ್ಲ ಎಂದರೆ ಜನ ಸುಮ್ಮನಿರುತ್ತಾರೆಯೇ? ಎದುರುಮನೆಯಾಕೆ ಕೇಳಿದಳು, ಹಾಲಿನವನು ಕೇಳಿದ, ಚುಚ್ಚುಮದ್ದು ಹಾಕಿದ ನರ್ಸು ಕೇಳಿದಳು. ಮನೆಯವರು ಪುಟ್ಟ ಎಂದರು, ಬಂಗಾರ ಎಂದರು, ನಿದ್ದೆಗೆಡಿಸಿದ ದಿನ ಇನ್ನೂ ಏನೇನೋ ಎಂದರು. ಆದರೆ ಹೆಸರಿಡುವ ಮಾತು ಬಂದ ಕೂಡಲೇ ಮಗುವಿನ ತಾಯಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಒಗೆದು ಒಣಗಿಸಿದ ಬಟ್ಟೆಯನ್ನೇ ಮತ್ತೊಮ್ಮೆ ನೆನೆಹಾಕಿದ್ದೂ ಉಂಟು.

ಈ ತಾಯಿಯನ್ನು ಎಲ್ಲರೂ ಕರೆಯುವುದು ಗೇಟಮ್ಮ ಎಂದು. ನಾಲ್ಕು ಬೀದಿ ಆಚೆಗಿನ ಶಿಶುವಿಹಾರದಲ್ಲಿ ಅವಳ ಕೆಲಸ. ಹಗಲೆಲ್ಲ ಮಕ್ಕಳ ಮೂಗು ಒರೆಸುವುದು, ಜಗಳ ಬಿಡಿಸುವುದು, ಮಲಗಿಸುವುದು. ಸಂಜೆಯಾದರೆ ಗೇಟಿನಲ್ಲಿ ನಿಲ್ಲುವುದು. ಕರೆದೊಯ್ಯಲು ಬಂದವರು ಹೊರಗಿನಿಂದ ಮಗುವಿನ ಹೆಸರು ಹೇಳಬೇಕು, ಇವಳು ಒಳಕ್ಕೆ ತಿರುಗಿ ಕೂಗಬೇಕು, ಓಡಿ ಬಂದ ಮಗುವಿನ ಕೈ ಹಿಡಿದು ಬಂದವರ ಕೈಗೇ ಕೊಡಬೇಕು. ಮಕ್ಕಳೇ ಇಟ್ಟ ಅಡ್ಡಹೆಸರು, ಅಂಟಿಕೊಂಡುಬಿಟ್ಟಿತು.

ರಜೆ ಮುಗಿದು ನಾಳೆ ಕೆಲಸಕ್ಕೆ ಹೋಗಬೇಕು ಎನ್ನುವ ದಿನ ಅತ್ತೆ ಅವಳನ್ನು ಅಡುಗೆಮನೆಯ ಬಾಗಿಲಲ್ಲೇ ಅಡ್ಡಗಟ್ಟಿದರು.

"ಮಗೂನೂ ಜೊತೆಗೆ ಕರ್ಕೊಂಡು ಹೋಗ್ತೀಯ. ಅಲ್ಲಿ ತೊಟ್ಟಿಲಿಗೆ ಚೀಟಿ ಅಂಟಿಸೋಕೆ ಹೆಸರು ಕೇಳಲ್ವಾ? ನಾನೇನು ಆಕಾಶದಿಂದ ನಕ್ಷತ್ರ ಕಿತ್ತುಕೊಡು ಅಂದ್ನಾ? ಒಂದು ಹೆಸರು ಕಣೇ. ಹೀಗೇ ಬಿಟ್ರೆ ಅದೇ ಒಂದಿನ ಎದ್ದು ಕೂತು ತನಗೆ ತಾನೇ ಇಟ್ಕೊಳುತ್ತೆ."

ಗೇಟಮ್ಮ ತಪ್ಪಿಸಿಕೊಳ್ಳಲು ದಾರಿ ಕಾಣದೆ ಹೇಳಿಯೇಬಿಟ್ಟಳು. ಅವಳು ಹೇಳಿದ ಹೆಸರು ಯಾವುದೆಂದು ಇಲ್ಲಿ ಬರೆಯಬೇಕಾಗಿಲ್ಲ. ನಿಮ್ಮ ಬೀದಿಯಲ್ಲೂ ಆ ಹೆಸರಿನವರು ಇಬ್ಬರಾದರೂ ಇದ್ದಾರೆ. ಶಿಶುವಿಹಾರದಲ್ಲಂತೂ ನಾಲ್ವರು: ದೊಡ್ಡವನು, ಗುಂಗುರು ಕೂದಲಿನವನು, ಅಳುಬುರುಕ, ಮತ್ತೆ ಯಾವ ವಿಶೇಷವೂ ಇಲ್ಲದ್ದರಿಂದ 'ಇನ್ನೊಬ್ಬ' ಎನಿಸಿಕೊಂಡವನು.

"ಅದಾ?" ಎಂದರು ಅತ್ತೆ. "ಸಂತೇಲಿ ನಿಂತು ಆ ಹೆಸರು ಕೂಗಿದ್ರೆ ಅರ್ಧ ಸಂತೆ ಓಗೊಡುತ್ತಲ್ಲೇ."

"ಅದಕ್ಕೇ ಅತ್ತೆ" ಎಂದಳು ಗೇಟಮ್ಮ.

ಗಂಡ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು, ಎದುರಿಗಿರುವುದನ್ನು ತುಸು ಕಣ್ಣು ಕಿರಿದುಮಾಡಿ ನೋಡುವ ಅಭ್ಯಾಸ. ಹೆಂಡತಿಯನ್ನೂ ಹಾಗೇ ನೋಡಿದ. "ಬೇರೆ ಯಾವುದೂ ಸಿಗ್ಲಿಲ್ವಾ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಲೋಟದಲ್ಲಿ ಅರ್ಧ ಚಹಾ ಉಳಿದಿರುವಾಗಲೇ ಅವನು ಎದ್ದು ಹೊರಟ. ಅವನಿಗೆ ಎಲ್ಲಿ ತಾಗಬಾರದಿತ್ತೋ ಅಲ್ಲೇ ತಾಗಿತ್ತು.

ಯಾಕೆಂದರೆ ಮೊದಲನೆಯ ಮಗನಿಗೆ ಹೆಸರಿಟ್ಟವನು ಅವನು. ಹೆಂಡತಿ ಬಸುರಿಯಾಗಿದ್ದಷ್ಟು ಕಾಲವೂ ಹಳೆಯ ಪುಸ್ತಕಗಳನ್ನು ಜಾಲಾಡಿ, ಯಾರೂ ಕೇಳದ, ಕೇಳಿದವರು ಮತ್ತೊಮ್ಮೆ ಹೇಳಿಸಿಕೊಳ್ಳುವ ಹೆಸರೊಂದನ್ನು ಹುಡುಕಿ ತೆಗೆದಿದ್ದ. ಗಿರಾಕಿಗಳ ಕಿವಿಗೆ ಕನ್ನಡಕ ಸಿಕ್ಕಿಸುತ್ತಾ, "ನಮ್ಮ ಹುಡುಗನ ಹೆಸರು ಊರಿಗೆಲ್ಲ ಒಂದೇ ಸಾರ್" ಎಂದು ಹೇಳಿಕೊಂಡು ತಿರುಗಿದ್ದ. ಆ ಹುಡುಗ ನಾಲ್ಕು ವರ್ಷದವನಿದ್ದಾಗ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಅವನು ಮನೆಗೆ ಬರಲಿಲ್ಲ. ಅಂದಿನಿಂದ ಐದು ವರ್ಷ ಆ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಗೇಟಮ್ಮನ ಕಣ್ಣಿಗೆ ಕಟ್ಟಿ ನಿಂತಿರುವುದು ಮಗನ ಮುಖಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಹಜಾರ. ಸಾಲು ಸಾಲು ಕುರ್ಚಿ, ಗೋಡೆಗೆ ಒರಗಿ ತೂಕಡಿಸುವ ಜನ. ಮಕ್ಕಳ ವಾರ್ಡಿನ ಬಾಗಿಲು ತೆರೆದು ನರ್ಸು ತಲೆ ಹೊರಗೆ ಹಾಕಿ ಹೆಸರು ಕೂಗುತ್ತಿದ್ದಳು. ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು, ಕರೆಯುವುದು ಒಳ್ಳೆಯದಕ್ಕೋ ಅಲ್ಲವೋ ಎಂದು. ಒಮ್ಮೆ ಆ ಒಳ್ಳೆಯದಲ್ಲದ ದನಿಯಲ್ಲಿ ಅವಳು ಕೂಗಿದ್ದು ಇದೇ ಹೆಸರನ್ನು, ಎಲ್ಲರೂ ಇಡುವ ಹೆಸರನ್ನು. ಹಜಾರದಲ್ಲಿ ಮೂವರು ತಾಯಂದಿರು ಒಟ್ಟಿಗೇ ಎದ್ದರು. ನರ್ಸು ಕೈಯಲ್ಲಿದ್ದ ಕಾಗದ ನೋಡಿ ಹಾಸಿಗೆ ಯಾವುದೆಂದು ಹೇಳಿದಳು. ಇಬ್ಬರು ಕೂತರು. ಅವರು ಹಾಗೆ ಕೂತದ್ದನ್ನು ಗೇಟಮ್ಮ ಕಣ್ಣಾರೆ ಕಂಡಳು. ಬೆನ್ನು ಕುರ್ಚಿಗೆ ತಾಗಿದ್ದು, ಬಿಗಿಹಿಡಿದ ಉಸಿರು ಹೊರಬಂದದ್ದು, ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು.

ಮರುದಿನ ಅದೇ ದನಿಯಲ್ಲಿ ನರ್ಸು ಇವಳ ಮಗನ ಹೆಸರು ಕೂಗಿದಳು. ಹಜಾರದ ತುಂಬ ಜನ. ಎದ್ದವಳು ಇವಳೊಬ್ಬಳೇ. ಇನ್ನೂ ಯಾರಾದರೂ ಎದ್ದಾರು ಎಂದು ಅವಳು ಸುತ್ತ ನೋಡಿದ್ದಳು. ಯಾರೂ ಏಳಲಿಲ್ಲ. ಏಳುವುದಾದರೂ ಹೇಗೆ, ಊರಿಗೆಲ್ಲ ಒಂದೇ ಹೆಸರು.

ಬುದ್ಧಿ ಹೇಳುವವರು ಏನು ಬೇಕಾದರೂ ಹೇಳಲಿ. ಅವಳ ತಲೆಯಲ್ಲಿ ಬೇರೂರಿದ್ದು ಇಷ್ಟೇ: ಕರೆಯಲು ಬಂದ ಸಾವಿಗೆ ಗುರುತು ಸಿಗುವ ಹಾಗೆ ಮಗನಿಗೆ ಹೆಸರಿಟ್ಟೆವು. ಈಗ ಎರಡನೆಯವನು ಹುಟ್ಟಿದ್ದಾನೆ. ಅವನು ತೊಟ್ಟಿಲಲ್ಲಿ ಮಲಗಿ, ಅಣ್ಣ ಮಲಗುತ್ತಿದ್ದ ಮೂಲೆಯ ಕಡೆ ತಲೆ ಹೊರಳಿಸಿ, ಅಲ್ಲಿ ಏನೂ ಇಲ್ಲದಿದ್ದರೂ ಕಿಲಕಿಲ ನಗುತ್ತಾನೆ. ಎಲ್ಲ ಮಕ್ಕಳೂ ಹಾಗೇ ನಗುತ್ತವೆ ಎನ್ನುತ್ತಾರೆ ಅತ್ತೆ. ಇರಬಹುದು. ಆದರೆ ಅವನು ನಗುವುದು ಯಾರೋ ಮಾತಾಡಿಸಿದವರಿಗೆ ಉತ್ತರ ಕೊಡುವ ಹಾಗೆ. ನಕ್ಕು, ಸ್ವಲ್ಪ ತಡೆದು, ಮತ್ತೆ ನಗುತ್ತಾನೆ. ಆಗೆಲ್ಲ ಗೇಟಮ್ಮನಿಗೆ ಅಂಗಾಲು ತಣ್ಣಗಾಗುತ್ತಿತ್ತು. ಅಣ್ಣ ಆಟಕ್ಕೆ ಜೊತೆ ಹುಡುಕುತ್ತಿದ್ದಾನೆ ಎನಿಸುತ್ತಿತ್ತು. ಹೆತ್ತ ಮಗನಿಗೆ ಹೆದರುವ ತಾಯಿ ಎಲ್ಲಾದರೂ ಇದ್ದಾಳೆಯೇ ಎಂದು ತನ್ನನ್ನೇ ಶಪಿಸಿಕೊಂಡು ಅತ್ತಿದ್ದಳು. ಅತ್ತು, ಕಣ್ಣೊರೆಸಿಕೊಂಡು, ತೊಟ್ಟಿಲನ್ನು ಇನ್ನೊಂದು ಕೋಣೆಗೆ ಎಳೆದುಕೊಂಡು ಹೋಗಿದ್ದಳು. ಹೆಸರಿಲ್ಲದವನನ್ನು ಯಾರೂ ಕರೆಯಲಾರರು. ಇಡಲೇಬೇಕಾದರೆ, ಕರೆದಾಗ ನೂರು ಜನ ತಿರುಗುವಂಥದ್ದನ್ನೇ ಇಡಬೇಕು. ಅದರ ನಡುವೆ ಇವನು ಅಡಗಿಕೊಳ್ಳಬೇಕು.

ಇದನ್ನು ಗಂಡನಿಗೆ ಹೇಳುವುದೆಂದರೆ, ನೀನಿಟ್ಟ ಹೆಸರೇ ಮಗನನ್ನು ತಿಂದಿತು ಎಂದು ಮುಖಕ್ಕೆ ಹೊಡೆದ ಹಾಗೆ. ಅವಳು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಮರುದಿನ ಶಿಶುವಿಹಾರದ ಮೇಡಂ ತೊಟ್ಟಿಲಿಗೆ ಖಾಲಿ ಚೀಟಿ ಅಂಟಿಸಿ, "ಸಂಜೆಯೊಳಗೆ ಇದರಲ್ಲಿ ಏನಾದ್ರೂ ಬರೀಬೇಕು ಗೇಟಮ್ಮ. 'ಗೇಟಮ್ಮನ ಮಗು' ಅಂತ ಬರೆದ್ರೆ ಅವನು ಮುಂದೆ ನನ್ನ ಮೇಲೆ ಕೇಸು ಹಾಕ್ತಾನೆ" ಎಂದರು. ಗೇಟಮ್ಮ ನಕ್ಕಳು. ಅಂದು ಅವಳನ್ನು ಸಂಜೆಯವರೆಗೂ ಕೂಸುಗಳ ಕೋಣೆಯಲ್ಲೇ ಉಳಿಸಿಕೊಂಡರು. ರಜೆಯಲ್ಲಿದ್ದಾಗ ಸೇರಿದ ಹೊಸ ಮಕ್ಕಳ ಮುಖವನ್ನೂ ಅವಳು ಸರಿಯಾಗಿ ನೋಡಲಿಲ್ಲ. ಐದು ಗಂಟೆಗೆ ಮಗನನ್ನು ಆಯಾಳ ಕೈಗೆ ಕೊಟ್ಟು ಗೇಟಿಗೆ ಬಂದಳು.

ಹೊರಗೆ ಎಂದಿನ ನೂಕುನುಗ್ಗಲು. ಆ ಜನಪ್ರಿಯ ಹೆಸರು ಕೂಗಿದಾಗ ಎಂದಿನಂತೆ ನಾಲ್ವರೂ ಓಡಿಬಂದರು. ಒಬ್ಬನನ್ನು ಕೊಟ್ಟು ಮೂವರನ್ನು ಒಳಗೆ ಕಳಿಸಿದಾಗ ಅಳುಬುರುಕ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡ. ಜನ ಕರಗುತ್ತಾ ಬಂದರು. ಅಂಗಡಿಯಿಂದ ಬೇಗ ಹೊರಟುಬಂದ ಗಂಡ ರಸ್ತೆಯಂಚಿನ ಕಂಬಕ್ಕೆ ಒರಗಿ ನಿಂತಿದ್ದ. ಹಿಂದಿನ ದಿನದಿಂದ ಇಬ್ಬರಲ್ಲೂ ಮಾತಿರಲಿಲ್ಲ.

ಆಗ ಒಬ್ಬ ಗಂಡಸು, ಅಂಗಿಯ ತೋಳಿಗೆ ಬಣ್ಣ ಮೆತ್ತಿದ್ದವನು, ಗೇಟಿನ ಸರಳು ಹಿಡಿದು ಒಂದು ಹೆಸರು ಹೇಳಿದ.

ಗೇಟಮ್ಮನಿಗೆ ಕಿವಿ ಕೆಪ್ಪಾದಂತಾಯಿತು. ಅವನು ಮತ್ತೆ ಹೇಳಿದ, ಈ ಸಲ ಬಿಡಿಸಿ ಬಿಡಿಸಿ, ಯಾರೂ ಒಂದೇ ಸಲಕ್ಕೆ ಹಿಡಿಯುವುದಿಲ್ಲ ಎಂದು ಗೊತ್ತಿರುವವನ ಹಾಗೆ. ಅದೇ ಹೆಸರು. ಐದು ವರ್ಷ ಮನೆಯ ಗೋಡೆಗಳೂ ಕೇಳದ ಹೆಸರು.

"ಅಂಥವರು ಇಲ್ಲಿ ಯಾರೂ ಇಲ್ಲ" ಎಂದಳು. ದನಿ ತನ್ನದಲ್ಲ ಎನಿಸಿತು.

"ಹೋದ ತಿಂಗಳು ಸೇರಿಸಿದ್ದೀವಲ್ಲಮ್ಮ. ನೀವು ಹೊಸಬರಾ?" ಅವನು ನಕ್ಕ. "ಅಪರೂಪದ ಹೆಸರು ಅಂತ ನನ್ನ ಹೆಂಡತಿ ಎಲ್ಲಿಂದಲೋ ಹುಡುಕಿ ಇಟ್ಟಳು. ಈಗ ನೋಡಿದ್ರೆ ನಮ್ಮ ಬೀದೀಲೇ ಇನ್ನೊಬ್ಬ ಇದಾನೆ."

ಗಂಡ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಗೇಟಮ್ಮ ಅವನನ್ನೇ ನೋಡಿದಳು. ಅವನು ಬೇಡ ಎನ್ನಲಿಲ್ಲ, ಕೂಗು ಎಂದೂ ಅನ್ನಲಿಲ್ಲ. ಕೆಲಸ ಕೆಲಸವೇ. ಅವಳು ಒಳಕ್ಕೆ ತಿರುಗಿದಳು. ಮೊದಲ ಸಲ ನಾಲಗೆ ಏಳಲಿಲ್ಲ, ಬರೀ ಗಾಳಿ ಬಂತು. ಎರಡನೆಯ ಸಲ ಕೂಗಿದಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅನ್ನಕ್ಕೆ ಕರೆಯುತ್ತಿದ್ದ ದನಿಯಲ್ಲೇ, ಕೊನೆಯ ಅಕ್ಷರವನ್ನು ಎಳೆದು.

ಕಾರಿಡಾರು ಖಾಲಿಯಿತ್ತು. ದೀಪ ಇನ್ನೂ ಹಾಕಿರಲಿಲ್ಲ. ಕತ್ತಲ ಕಡೆಯಿಂದ "ಬಂದೇ" ಎಂದಿತು ಒಂದು ಸಣ್ಣ ದನಿ.

ಅವಳು ಗೇಟನ್ನು ಹಿಡಿದುಕೊಂಡಳು. ಹೆಜ್ಜೆ ಸದ್ದು ಹತ್ತಿರ ಬಂತು, ಪಟಪಟ ಎಂದು, ಅವಸರದಲ್ಲಿ. ಯಾರ ಮುಖ ಬರುತ್ತದೋ ಎಂದು ಒಂದು ಗಳಿಗೆ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬಂದವನು ಮೂರು ವರ್ಷದ ಹುಡುಗ, ದುಂಡುಮುಖ, ಒಂದು ಕಾಲಿಗೆ ಮಾತ್ರ ಕಾಲುಚೀಲ, ಆಟ ಅರ್ಧಕ್ಕೆ ನಿಂತ ಸಿಟ್ಟು. ಯಾವ ಹೋಲಿಕೆಯೂ ಇಲ್ಲ. ಅವನು ತಾನಾಗಿಯೇ ಕೈ ಕೊಟ್ಟ. ಅವಳು ಹಿಡಿದಳು. ಬಿಸಿ ಕೈ, ಬೆವರಿದ ಕೈ.

ಹಿಡಿದವಳು ಬಿಡಲಿಲ್ಲ. ತಂದೆ ಕೈ ಚಾಚಿದ, "ಕೊಡಿ ಅಮ್ಮ" ಎಂದ. ಹುಡುಗ ಎಳೆದ. ಆಮೇಲೆ ಗಂಡನ ದನಿ ಕೇಳಿಸಿತು, ಬಹಳ ಮೆಲ್ಲಗೆ: "ಬಿಡು. ಅವರ ಮಗು ಅದು. ಮನೆಗೆ ಹೋಗ್ಲಿ."

ಬಿಟ್ಟಳು. ಆ ಹೆಸರಿನವನು ತಂದೆಯ ಹೆಗಲೇರಿ, ಕಾಲುಚೀಲ ಇಲ್ಲದ ಕಾಲು ಆಡಿಸುತ್ತಾ ಮನೆಗೆ ಹೋದ. ಅವರು ತಿರುವು ದಾಟುವವರೆಗೂ ಗಂಡ ಹೆಂಡತಿ ನೋಡುತ್ತಾ ನಿಂತರು.

ಬಾಗಿಲು ಹಾಕಿ, ಮಗುವನ್ನು ಎತ್ತಿಕೊಂಡು ಇಬ್ಬರೂ ನಡೆದರು. ಬಸ್ ನಿಲ್ದಾಣದ ಹತ್ತಿರ ಬಂದರು. ಅಲ್ಲಿ ಗಂಡ ಹೇಳಿದ: "ಹೆಸರಿಂದ ಹೋದ ಅಂತ ನೀನು ಅಂದ್ಕೊಂಡಿದ್ದೆ, ಅಲ್ವಾ?"

"ಹೌದು" ಎಂದಳು. ಇನ್ನು ಮುಚ್ಚಿಡುವುದು ಏನಿತ್ತು.

"ನಾನೂ" ಎಂದ ಅವನು. "ಐದು ವರ್ಷದಿಂದ."

ತಾನು ಅವನಿಂದ ಬಚ್ಚಿಟ್ಟದ್ದನ್ನೇ ಅವನು ತನ್ನಿಂದ ಬಚ್ಚಿಟ್ಟುಕೊಂಡು, ಒಂದೇ ಮಂಚದಲ್ಲಿ ಬೆನ್ನು ತಿರುಗಿಸಿ ಮಲಗಿದ್ದನಲ್ಲ. ಆಸ್ಪತ್ರೆಯ ಹಜಾರದ ಕಥೆಯನ್ನು ಅಲ್ಲೇ, ಬಸ್ಸುಗಳ ಗದ್ದಲದ ನಡುವೆ, ಮೊದಲ ಸಲ ಅವನಿಗೆ ಹೇಳಿದಳು. ಮೂವರು ಎದ್ದದ್ದು, ಇಬ್ಬರು ಕೂತದ್ದು. "ನಮ್ಮವನಿಗೂ ಆ ಹೆಸರಿದ್ದಿದ್ರೆ ನಾನೂ ಕೂತ್ಕೋತಿದ್ದೆನೇನೋ ರೀ."

ಅವನು ಮಗುವಿನ ಹೊದಿಕೆ ಸರಿಪಡಿಸಿದ. "ಮೂರನೆಯವಳು?" ಎಂದು ಕೇಳಿದ.

"ಯಾರು?"

"ಕೂರಲಿಲ್ವಲ್ಲ, ಅವಳು. ಆವತ್ತು ನಾನು ಔಷಧಿ ತಗೊಂಡು ಬರ್ತಿದ್ದೆ. ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮಗುವಿನ ಹೆಸರನ್ನೇ, ಇದೇ ಹೆಸರನ್ನೇ ಹೇಳ್ತಾ ಇದ್ದಳು, ಮತ್ತೆ ಮತ್ತೆ. ಜನ ದಾಟ್ಕೊಂಡು ಹೋಗ್ತಿದ್ರು. ನಾನೂ ದಾಟ್ಕೊಂಡು ಬಂದೆ."

ಗೇಟಮ್ಮ ನಿಂತಲ್ಲೇ ನಿಂತಳು. ಐದು ವರ್ಷ ಆ ಇಬ್ಬರನ್ನೇ ನೋಡಿದ್ದಳು. ಹೊಟ್ಟೆಕಿಚ್ಚಿನಿಂದ ಅವರ ಬೆನ್ನು, ಅವರ ಸೆರಗು, ಅವರ ಉಸಿರು ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಬಾಗಿಲೊಳಗೆ ಹೋದವಳ ಸೀರೆಯ ಬಣ್ಣವೂ ನೆನಪಿಲ್ಲ. ಆ ಹೆಸರು ಅವಳ ಮಗನನ್ನು ಅಡಗಿಸಿಡಲಿಲ್ಲ. ಮೇಲಾಗಿ, ಅವಳು ಯಾವ ಬೀದಿಯಲ್ಲಿ ನಡೆದರೂ ಯಾರೋ ಒಬ್ಬರು ಆ ಹೆಸರು ಕೂಗುತ್ತಾರೆ, ಯಾರದೋ ಮಗ ಓಡಿ ಬರುತ್ತಾನೆ. ಇವತ್ತು ತನಗೆ ಒಂದು ಸಲ ಆದದ್ದು ಅವಳಿಗೆ ದಿನಾ ಆಗುತ್ತದೆ.

"ಬೇರೆ ಇಡೋಣ" ಎಂದ ಗಂಡ. "ಯಾವುದಾದ್ರೂ ಸರಿ, ನೀನೇ ಹೇಳು."

"ಬೇಡ. ಅದೇ ಇರಲಿ."

"ಬಚ್ಚಿಡೋಕಾ?"

"ಯಾರನ್ನ ಎಲ್ಲಿ ಅಂತ ಬಚ್ಚಿಡ್ತೀರ?" ಎಂದಳು. ಹುಡುಗನ ಬೆವರಿದ ಕೈ ಇನ್ನೂ ಅಂಗೈಯಲ್ಲಿ ಇದ್ದಂತಿತ್ತು. "ಅವನು ಓಡಿ ಬಂದಾಗ ಜೀವ ಹೋಯ್ತು ರೀ. ಆದರೂ, ಬರದೇ ಇದ್ದಿದ್ರೆ ಇನ್ನೂ ಕಷ್ಟ ಆಗ್ತಿತ್ತು. ಆ ಮೂರನೆಯವಳಿಗೂ ಯಾರಾದ್ರೂ ಓಡಿ ಬರ್ತಾ ಇರ್ಲಿ."

ಮಗು ಎಚ್ಚರವಾಗಿ, ಬಸ್ಸುಗಳ ದೀಪ ನೋಡುತ್ತಾ ಕಣ್ಣರಳಿಸಿತ್ತು. ಗೇಟಮ್ಮ ಅದರ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಹೆಸರು ಹಿಡಿದು ಕರೆದಳು. ಹೆದರಿಕೆಯಿಂದಲೋ ಏನೋ, ದನಿ ಬೇಕಾದ್ದಕ್ಕಿಂತ ಜೋರಾಯಿತು. ನಿಲ್ದಾಣದಲ್ಲಿದ್ದ ಇಬ್ಬರು ಹುಡುಗರು ತಿರುಗಿದರು, ತಮ್ಮನ್ನಲ್ಲ ಎಂದು ಗೊತ್ತಾಗಿ ಮತ್ತೆ ಮಾತಿಗೆ ತೊಡಗಿದರು. ರಸ್ತೆಯ ಆಚೆ ಬದಿಯಲ್ಲಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತು ಇತ್ತ ನೋಡಿದಳು.

ಯಾರೋ ಏನೋ. ಆ ಹೆಸರಿನ ಮಗನಿರುವ ತಾಯಂದಿರು, ಮಗನನ್ನು ಕಳೆದುಕೊಂಡ ತಾಯಂದಿರು ಊರ ತುಂಬ ಇದ್ದಾರೆ. ಗೇಟಮ್ಮ ಮಗುವನ್ನು ಹೊದಿಕೆಯಿಂದ ಬಿಡಿಸಿ, ಆಕೆಗೆ ಕಾಣುವಷ್ಟು ಎತ್ತರಕ್ಕೆ ಎತ್ತಿ ಹಿಡಿದಳು.