ತಂತಿಗೂಡಿನ ಹನ್ನೊಂದು ಕೋಳಿ

ಚಿನ್ನದ ಗಣಿಯ ಚಾಂಪಿಯನ್ ಸ್ಟೇಷನ್ನಿನಲ್ಲಿ ಪಾಪಕ್ಕ ಎರಡು ಬಿದಿರಿನ ಮಂಕರಿಗಳನ್ನು ರೈಲಿಗೆ ಎತ್ತಿಸಿಕೊಂಡು ಕೂತಳು. ಮಂಕರಿಗಳಲ್ಲಿ ಹನ್ನೊಂದು ಬಿಳಿ ಕೋಳಿಗಳಿದ್ದವು. ಗಂಡನಿಗೆ ಈ ವಿಷಯ ಗೊತ್ತಿರಲಿಲ್ಲ.

ಗಣಿ ಕೆಲಸ ಬಿಟ್ಟ ಬಿಳಿ ದೊರೆಯೊಬ್ಬ ಚಾಂಪಿಯನ್ನಿನಲ್ಲಿ ಕೋಳಿ ಶೆಡ್ಡು ಹಾಕಿದ್ದ. ಅರವತ್ತೆರಡನೇ ಇಸವಿಯಿಂದ ಎರಡು ವರ್ಷ ಪಾಪಕ್ಕ ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿ ಅಲ್ಲಿ ಕಸ ಬಳಿಯುತ್ತಿದ್ದಳು. ಒಂದೊಂದು ತಂತಿಗೂಡಿನಲ್ಲಿ ಮೂರು ಮೂರು ಕೋಳಿ. ರೆಕ್ಕೆ ಬಿಚ್ಚಲು ಜಾಗವಿಲ್ಲ, ಕಾಲ ಕೆಳಗೂ ತಂತಿ. ಮೊಟ್ಟೆ ಕಡಿಮೆಯಾದ ಕೂಡಲೇ ಲಾರಿ ಬಂದು ಕಸಾಯಿ ಅಂಗಡಿಗೆ ಸಾಗಿಸುತ್ತಿತ್ತು. ಆ ಬೆಳಿಗ್ಗೆ ಲಾರಿ ತುಂಬಿ ಹನ್ನೊಂದು ಉಳಿದವು.

“ಎತ್ಕೊಂಡೋಗಮ್ಮ, ಸಾರು ಮಾಡ್ಕೊ,” ಎಂದಿದ್ದ ಮೇಸ್ತ್ರಿ ಪೆರುಮಾಳ್.

“ಸಾಕ್ತೀನಿ.”

“ಎನ್ನಮ್ಮಾ ನೀನು, ಇವಕ್ಕೆ ನಡಿಯಾಕೇ ಬರಲ್ಲ,” ಎಂದ ಅವನು ತಮಿಳು ಬೆರೆಸಿ.

“ಬರದಿದ್ರೆ ಕಲೀತವೆ,” ಎಂದು ಪಾಪಕ್ಕ ಮಂಕರಿ ತರಲು ಓಡಿದ್ದಳು.

ಬಂಗಾರಪೇಟೆಯಲ್ಲಿಳಿದು, ಬೂದಿಕೋಟೆ ರಸ್ತೆಯಲ್ಲಿ ಮೂರು ಮೈಲಿ ದೂರದ ತನ್ನ ಊರಿಗೆ ಅವಳು ಜಟಕಾ ಮಾಡಿಕೊಂಡಳು. ಜೀವಮಾನದಲ್ಲಿ ಜಟಕಾ ಹತ್ತಿದ್ದು ಅದೇ ಮೊದಲು. ಹಿತ್ತಲಲ್ಲಿ ಮಂಕರಿ ಬಿಚ್ಚಿದಾಗ ಅವಳ ಗಂಡ ಮುನಿಸ್ವಾಮಪ್ಪ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದವನು ಹಾಗೇ ನಿಂತ. ಕತ್ತಿನಲ್ಲಿ ಪುಕ್ಕವಿಲ್ಲ, ಜುಟ್ಟು ಬಿಳಿಚಿಕೊಂಡು ಒಂದು ಪಕ್ಕಕ್ಕೆ ವಾಲಿದೆ, ಉಗುರು ಬೆಳೆದು ಸುತ್ತಿಕೊಂಡಿವೆ.

“ಇದೇನೇ ಇದು, ಯಾರೋ ಪುಕ್ಕ ತರಿದು ಅರ್ಧಕ್ಕೆ ಬಿಟ್ಟಂಗವೆ?”

“ಮಾತು ಆಮೇಲೆ. ಕುರಿ ತುಪ್ಪಟ ತೆಗೆಯೋ ಕತ್ತರಿ ತಗೊಂಬಾ.”

ಅವನು ಕತ್ತರಿ ತಂದ. ಅವಳು ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು ಹಿಡಿದಳು, ಅವನು ರಕ್ತ ಬಾರದ ಹಾಗೆ ಉಗುರಿನ ತುದಿ ಕತ್ತರಿಸಿದ. ನೆಲಕ್ಕೆ ಬಿಟ್ಟರೆ ಹನ್ನೊಂದೂ ಬಿಟ್ಟಲ್ಲೇ ನಿಂತವು. ಒಂದು ಕಾಲೆತ್ತಿ ಮಣ್ಣನ್ನು ನೋಡಿತು, ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕುಸಿದು ಕೂತಿತು. ರಾಗಿ ಚೆಲ್ಲಿದರೆ ಕಾಳೆಂದು ಗೊತ್ತಿಲ್ಲ. ಹಿಟ್ಟು ನೆನೆಸಿ ಕೊಕ್ಕಿನ ಮುಂದೆ ಹಿಡಿದಾಗಷ್ಟೇ ತಿಂದವು. ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದು, ಮರುದಿನ ಹಿಟ್ಟಿಗೆ ನಾಲ್ಕು ಕಾಳು, ಅದರ ಮರುದಿನ ಒಂದು ಹಿಡಿ ಬೆರೆಸಿದಳು. ಹೊತ್ತು ಮುಳುಗುವಾಗ ಎತ್ತಿ ಎತ್ತಿ ಮಂಕರಿಯಡಿ ಮುಚ್ಚಿಡುವುದೂ ಅವಳ ಪಾಲಿಗೇ ಬಂತು.

ಮೂರನೇ ದಿನ ಬಿಸಿಲೇರುವ ಹೊತ್ತಿಗೆ ಬೇಲಿಯಾಚೆಯಿಂದ ಪಿಳ್ಳಮ್ಮ ಕೂಗಿದಳು. ಹಿಂದಿನ ಬೇಸಿಗೆಯಲ್ಲಿ ಕತ್ತು ತಿರುಚುವ ಕೊಕ್ಕರೆ ರೋಗ ಬಂದು ಆ ನೆರೆಮನೆಯವಳ ಹದಿನಾಲ್ಕು ಕೋಳಿ ಒಂದೇ ವಾರದಲ್ಲಿ ಸತ್ತಿದ್ದವು.

“ಪಾಪಕ್ಕಾ, ನಿನ್ ಕೋಳಿ ನೋಡು. ಕತ್ತು ತಿರುಚ್ತಾ ಐತೆ. ಅದೇ ರೋಗ.”

ಒಲೆಯ ಬೂದಿ ಸುರಿಯುವ ಗುಂಡಿಯಲ್ಲಿ ಒಂದು ಕೋಳಿ ಮಗ್ಗುಲಾಗಿ ಬಿದ್ದಿತ್ತು. ಕಾಲು ಚಾಚಿ, ಕತ್ತು ಹಿಂದಕ್ಕೆ ವಾಲಿಸಿ, ಮೈಯೆಲ್ಲ ಅದುರಿಸುತ್ತಿತ್ತು. ಪಾಪಕ್ಕ ಓಡಿ ಬಂದಳು.

“ಊರ ಕೋಳಿಗೆಲ್ಲ ಅಂಟಿಸ್ಬಿಡ್ತೀಯಲ್ಲೇ,” ಎಂದ ಪಿಳ್ಳಮ್ಮನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಮುನಿಸ್ವಾಮಪ್ಪ ಮಚ್ಚು ಹಿಡಿದು ಬಂದ. “ಬಿಡು, ಒಂದ್ ಓದ್ರೆ ಓಗ್ಲಿ. ಮಿಕ್ಕಿದ್ದಾದ್ರೂ ಉಳೀತವೆ.”

ಪಾಪಕ್ಕ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿದಳು. ರೋಗದ ಕೋಳಿಯ ಕಣ್ಣು ಅವಳು ಕಂಡಿದ್ದಳು, ಮಂಕಾಗಿರುತ್ತದೆ. ಇದರ ಕಣ್ಣು ಅರೆಮುಚ್ಚಿದ್ದರೂ ಹೊಳೆಯುತ್ತಿತ್ತು. ರೆಕ್ಕೆ ಸುಮ್ಮನೆ ಅದುರುತ್ತಿರಲಿಲ್ಲ, ಬೂದಿಯನ್ನು ಗೋರಿ ಬೆನ್ನ ಮೇಲೆ ಎರಚಿಕೊಳ್ಳುತ್ತಿತ್ತು. ಅಭ್ಯಾಸವಿಲ್ಲದ ಕಾಲು, ಹಿಡಿತ ತಪ್ಪಿ ಮತ್ತೆ ಮತ್ತೆ ಉರುಳುತ್ತಿತ್ತು.

“ತಡಿ,” ಎಂದು ಗಂಡನ ಮುಂಗೈ ಹಿಡಿದಳು. “ಇದು ಬೂದ್ಯಾಗೆ ಮೀಯ್ತಾ ಐತೆ. ಎಲ್ಲಾ ಕೋಳಿ ಮೀಯಲ್ವಾ, ಅಂಗೇ. ಇದಕ್ಕೆ ಇವತ್ತೇ ಮೊದಲು.”

ಕೋಳಿ ಎದ್ದು ನಿಂತು ಮೈ ಕೊಡವಿತು. ಬೂದಿಯ ಮೋಡ ಮುನಿಸ್ವಾಮಪ್ಪನ ಮೀಸೆಗೆ ಹತ್ತಿತು. ಅವನು ಸೀನುವಷ್ಟರಲ್ಲಿ ಹೊಂಗೆ ನೆರಳಲ್ಲಿ ಕೂತಿದ್ದ ಇನ್ನೊಂದು ಎದ್ದಿತು. ಮೂರು ದಿನದಿಂದ ನಾಲ್ಕು ಹೆಜ್ಜೆ ಇಡದಿದ್ದ ಕೋಳಿ, ಓಲಾಡುತ್ತಾ ಹಿತ್ತಲು ದಾಟಿ ಬಂದು ಗುಂಡಿಗೆ ಬಿತ್ತು. ಹಿಂದೆಯೇ ಮೂರನೆಯದು, ನಾಲ್ಕನೆಯದು. ಪಾಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇಳಿಯುತ್ತಿತ್ತು. ಪಿಳ್ಳಮ್ಮ ಬೇಲಿ ಸಂದಿನಲ್ಲಿ ತೂರಿ ಈಚೆ ಬಂದು, “ಜಾಗ ಸಾಲ್ದು ಕಣೇ, ಇನ್ನೊಂದ್ ಗುಂಡಿ ತೋಡ್ಸು,” ಎಂದಳು. ಮುನಿಸ್ವಾಮಪ್ಪ ಮಚ್ಚು ಇಟ್ಟು ಗುದ್ದಲಿ ತಂದ.

ಎಲ್ಲವೂ ಉಳಿಯಲಿಲ್ಲ. ಬಹಳ ಸೊರಗಿದ್ದ ಒಂದು ಐದನೇ ದಿನ ಸತ್ತಿತು. ಪಾಪಕ್ಕ ಅದನ್ನು ಸಾರಿಗೆ ಹಾಕಲಿಲ್ಲ, ಹೂಳಿದಳು. ಉಳಿದ ಹತ್ತು ತಿಪ್ಪೆ ಕೆದಕಲು ಕಲಿತವು, ಹದ್ದು ಬಂದರೆ ಬೇಲಿಗೆ ನುಗ್ಗಲು ಕಲಿತವು. ತಿಂಗಳೆರಡು ಕಳೆಯುವಷ್ಟರಲ್ಲಿ ಕತ್ತಿನಲ್ಲಿ ಹೊಸ ಪುಕ್ಕ ಮೂಡಿ, ಜುಟ್ಟು ಕೆಂಪಗಾಗಿ, ಒಂದೊಂದಾಗಿ ಮೊಟ್ಟೆಯನ್ನೂ ಇಡತೊಡಗಿದವು.

ಆಮೇಲೊಂದು ಸಂಜೆ ಬೀದಿಯವರೆಲ್ಲ ಅವಳ ಮನೆಯ ಮುಂದೆ ಕೂಡಿದರು. ಒಂದು ಕೋಳಿ ಹೇಗೋ ಹಾರಿ ಮನೆಯ ಹುಲ್ಲಿನ ಸೂರು ಹತ್ತಿ ಕೂತಿತ್ತು. ಕೆಳಗೆ ನೋಡಿ ಕೊಕ್ಕೊಕ್ಕೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಮುನಿಸ್ವಾಮಪ್ಪ ಏಣಿ ತಂದು ಸೂರಿಗೆ ಆನಿಸಿದ.

“ಏಣಿ ಅತ್ತಬೇಡ,” ಎಂದಳು ಪಾಪಕ್ಕ. “ಅತ್ತೋಕೆ ಕಲ್ತೈತೆ, ಇಳಿಯೋದೂ ಅದೇ ಕಲೀಲಿ.”

ಎಲ್ಲರೂ ಕತ್ತೆತ್ತಿ ಕಾದರು. ಕೋಳಿ ಅಂಚಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಆಮೇಲೆ ಎರಡೂ ರೆಕ್ಕೆಗಳನ್ನು ಅಗಲಕ್ಕೆ ಬಿಚ್ಚಿ, ಪಿಳ್ಳಮ್ಮನ ತಲೆಯ ಮೇಲಿಂದ ತೇಲಿಕೊಂಡು ಹೋಗಿ, ರಾಗಿ ಹುಲ್ಲಿನ ಮೆದೆಯ ಮೇಲಿಳಿಯಿತು.