ಬೀಗಿತ್ತಿಗೊಂದು ಬೈಗುಳದ ಹಾಡು

ವೇದಮ್ಮ ಹಿಟ್ಟನ್ನು ಗೋಲಿ ಗಾತ್ರಕ್ಕೆ ಕಿತ್ತು, ಅಂಗೈಯಲ್ಲಿ ಉಂಡೆ ಮಾಡಿ, ತಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಾಲ್ಕು ವರ್ಷದ ಮೊಮ್ಮಗಳು ಲೀಕೆ ಸ್ಟೂಲಿನ ಮೇಲೆ ನಿಂತು ಒಂದೊಂದನ್ನೂ ಹೆಬ್ಬೆರಳಿನಿಂದ ಅದುಮುತ್ತಿದ್ದಳು. ಮೈದಾ, ಬೆಣ್ಣೆ, ಕಂದು ಸಕ್ಕರೆ, ಚಕ್ಕೆ, ಲವಂಗ, ಜಾಯಿಕಾಯಿ. ಸಾಮಾನೆಲ್ಲ ಮೈಸೂರಿನ ಅಡುಗೆಮನೆಯಲ್ಲೂ ಇರುವಂಥದ್ದೇ, ತಿಂಡಿ ಮಾತ್ರ ಡಚ್ಚರದು. ಅಳಿಯ ಯೆರೂನ್ ಹಾಲೆಂಡಿನವನು. ಅವರ ಕಡೆ ಡಿಸೆಂಬರ್ ಐದರ ಸಂಜೆ ಸಿಂಟರ್‌ಕ್ಲಾಸ್ ಎಂಬ ಗಡ್ಡದ ಸಂತ ಬಿಳಿ ಕುದುರೆ ಏರಿ ಮಕ್ಕಳಿಗೆ ಉಡುಗೊರೆ ತರುತ್ತಾನೆ. ಆ ಸಂಜೆ ಈ ಮಸಾಲೆ ಬಿಸ್ಕತ್ತನ್ನು ಮನೆ ತುಂಬ ಎರಚಬೇಕು, ಮಕ್ಕಳು ಬಿದ್ದು ಎದ್ದು ಆರಿಸಿಕೊಳ್ಳಬೇಕು. ಕ್ರಿಸ್‌ಮಸ್ಸಿಗಿಂತ ಅವರಿಗೆ ಇದೇ ದೊಡ್ಡದು.

ಮಗಳು ಜಾಹ್ನವಿ ಫೋನು ಕೆಳಗಿಟ್ಟು ಬಂದು ಓವನ್ ಬಾಗಿಲು ತೆಗೆದಳು.

"ಯೆರೂನ್ ಅಮ್ಮ ಕ್ರಿಸ್‌ಮಸ್ಸಿಗೂ ಬರಲ್ವಂತೆ."

"ಯಾಕಂತೆ?"

"ಏಪ್ರಿಲ್‌ಗೆ ಬರ್ತಾರಂತೆ. ನೀನು ಊರಿಗೆ ಹೋದ್ಮೇಲೆ." ತಟ್ಟೆಯನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿದಳು. "ಮೂರು ವರ್ಷದಿಂದ ಹಿಂಗೇ ಆಯ್ತಲ್ಲಮ್ಮ. ನೀನು ಬಂದಾಗ ಅವರಿಲ್ಲ, ಅವರು ಬಂದಾಗ ನೀನಿಲ್ಲ. ಲೀಕೆ ಕೇಳ್ತಾಳೆ, ಅಜ್ಜಿಗೂ ಹಾಲೆಂಡಿನಜ್ಜಿ ಓಮಾಗೂ ಒಂದೇ ರೂಮಾ ಅಂತ."

"ನಾನೇನು ಬರಬೇಡಿ ಅಂದಿದೀನಾ?"

"ಬನ್ನಿ ಅಂತಲೂ ಅಂದಿಲ್ಲ. ಅವರ ಕಾಗದಕ್ಕೆ ಒಂದು ಉತ್ತರ ಬರೆಯಮ್ಮ ಅಂತ ಎಷ್ಟು ಸಲ ಹೇಳಿದೀನಿ."

ವೇದಮ್ಮ ಇನ್ನೊಂದು ಉಂಡೆ ಕಿತ್ತು ಸಾಲಿಗೆ ಸೇರಿಸಿದರು. ಹಿಟ್ಟು ಇನ್ನೂ ಬೋಗುಣಿ ತುಂಬ ಇತ್ತು.

ಮೂರು ವರ್ಷದ ಹಿಂದೆ, ಅಮೆರಿಕದ ಟೋಟೆಮ್ ಲೇಕಿನ ಇದೇ ಮನೆಯಲ್ಲಿ, ಇದೇ ಹಬ್ಬಕ್ಕೆ ಬೀಗಿತ್ತಿಯರಿಬ್ಬರೂ ಸೇರಿದ್ದರು. ಯೆರೂನ್ ಅಮ್ಮ ಟ್ರೂಸ್ ಎತ್ತರದ ಹೆಂಗಸು, ದೊಡ್ಡ ದನಿ, ಭಾಷೆ ತಿಳಿಯದಿದ್ದರೂ ಕೈ ಹಿಡಿದುಕೊಂಡೇ ಮಾತಾಡುವವರು. ಒಣ ಬಟಾಣಿಯ ಗಟ್ಟಿ ಸೂಪು ಮಾಡಿ ಬಡಿಸಿದ್ದರು. ಸಂಜೆ ಮೂಟೆಯಿಂದ ಮೊದಲ ಉಡುಗೊರೆ ತೆಗೆದದ್ದೇ ವೇದಮ್ಮನಿಗೆ. ಜೊತೆಗೆ ಟ್ರೂಸ್ ಬರೆದ ಒಂದು ಪದ್ಯ. ಜಾಹ್ನವಿ ಅದನ್ನು ಎಲ್ಲರೆದುರು ಕನ್ನಡದಲ್ಲಿ ಹೇಳಿದಳು: ವೇದಾಬಾಯಿಯ ಕೈಚೀಲದಲ್ಲಿ ಚಟ್ನಿಪುಡಿಯ ಡಬ್ಬಿ ಇದೆ, ಯಾರೂ ನೋಡದಾಗ ಅದು ಸೂಪಿನೊಳಗೆ ಬೀಳುತ್ತದೆ, ಆ ಘಾಟಿಗೆ ಸಂತನ ಕುದುರೆ ಸೀನಿ ಸೀನಿ ಲಗಾಮು ಕಿತ್ತುಕೊಂಡು ಓಡಿಹೋಯಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಟ್ರೂಸ್. ಹೆಣ್ಣು ಕೊಟ್ಟ ಮನೆಯಲ್ಲಿ, ಬೀಗಿತ್ತಿಯ ಕೈಯಲ್ಲಿ, ಕದ್ದು ತಿನ್ನುವವಳು ಎಂದು ಅನ್ನಿಸಿಕೊಂಡದ್ದಕ್ಕೆ ವೇದಮ್ಮನಿಗೆ ಮೈಯೆಲ್ಲ ಉರಿಯಿತು. ತಲೆನೋವು ಎಂದು ಎದ್ದು ಹೋಗಿ ಮಲಗಿದವರು ಉಳಿದ ಹಬ್ಬ ನೋಡಲೇ ಇಲ್ಲ. ಊರಿಗೆ ಹೋದ ಮೇಲೆ ಟ್ರೂಸ್ ಕಾಗದ ಬರೆದಿದ್ದರು. ನನ್ನಿಂದ ನೋವಾಯಿತೇ, ದಯವಿಟ್ಟು ಎರಡು ಸಾಲು ಬರೆಯಿರಿ ಎಂದು. ಆ ಎರಡು ಸಾಲು ಇವತ್ತಿನವರೆಗೂ ಹೋಗಿರಲಿಲ್ಲ. ಆಮೇಲಿನ ಎರಡು ವರ್ಷ ವೇದಮ್ಮ ಬೇಸಿಗೆಯಲ್ಲೇ ಬಂದು ಹೋದರು.

ನಾಲ್ಕೂವರೆಗೆ ಕತ್ತಲಾಯಿತು. ಲೀಕೆ, ಅವಳಣ್ಣ ತನ್ಮಯ ಇಬ್ಬರೂ ತಮ್ಮ ಶೂಗಳಲ್ಲಿ ಕುದುರೆಗೆಂದು ಕ್ಯಾರೆಟ್ ಸಿಕ್ಕಿಸಿ ಗೋಡೆಯ ಬದಿಗೆ ಇಟ್ಟರು. ಯೆರೂನ್ ಕುತ್ತಿಗೆಯ ನರ ಉಬ್ಬುವಂತೆ ಹಾಡು ಹೇಳಿಸುತ್ತಿದ್ದಾಗ ಯಾರೋ ಬಾಗಿಲನ್ನು ದಬದಬ ಬಡಿದರು. ಲೀಕೆ ಅಪ್ಪನ ಕಾಲು ತಬ್ಬಿಕೊಂಡಳು. ತೆಗೆದು ನೋಡಿದರೆ ಹೊಸ್ತಿಲಲ್ಲಿ ಗೋಣಿಚೀಲ, ಆಸುಪಾಸಿನಲ್ಲಿ ಒಂದು ನರಪಿಳ್ಳೆ ಇಲ್ಲ. ಐದು ನಿಮಿಷ ಬಿಟ್ಟು ಎದುರುಮನೆಯ ಕಮರ್ ಜಹಾನ್ ಏನೂ ಅರಿಯದವರಂತೆ ಬಂದರು. ಅವರೂ ಮೈಸೂರಿನವರೇ.

"ಏನು ವೇದಕ್ಕ, ಯಾರೋ ಬಂದು ಹೋದ ಹಂಗಿತ್ತು?" ಎಂದು ಕೇಳಿ, ಕೆಂಪಾದ ಬೆರಳಗೆಣ್ಣು ತೋರಿಸಿ ಪಿಸುಗುಟ್ಟಿದರು. "ಇವರ ಬಾಗಿಲು ಕಲ್ಲಿನಂಗಿದೆ ಕಣ್ರೀ. ಮುಂದಿನ ವರ್ಷ ಲಟ್ಟಣಿಗೆ ತರ್ತೀನಿ."

ಈ ಸಲ ವೇದಮ್ಮ ಕೊನೆಯವರೆಗೂ ಕೂತರು. ಮೊದಲು ತೆಗೆದ ಪೊಟ್ಟಣಗಳಿಗೆಲ್ಲ ಒಂದೊಂದು ಪದ್ಯವಿತ್ತು. ಪದ್ಯ ಓದದೆ ಪೊಟ್ಟಣ ಬಿಚ್ಚುವಂತಿಲ್ಲ. ಯೆರೂನ್‌ಗೆ ಬಂದದ್ದರಲ್ಲಿ ಅವನು ಜೋಡಿಸಿದ ಕಪಾಟಿನ ಕಥೆ: ನಾಲ್ಕು ತಾಸಿನ ಕೆಲಸ, ಕೊನೆಗೆ ಕೈಯಲ್ಲಿ ಉಳಿದದ್ದು ಏಳು ತಿರುಪು, ಒಂದು ಕಾಲು. ಜಾಹ್ನವಿ 'ಹೊರಟೆ' ಎಂದು ಹೇಳಿ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡುವುದರಿಂದ ಬಾಗಿಲಿಗೇ ಬೇರು ಬಂದಿದೆಯಂತೆ. ಎಂಟು ವರ್ಷದ ತನ್ಮಯ ಹಲ್ಲುಜ್ಜದೆ ಬ್ರಷ್ ಮಾತ್ರ ಒದ್ದೆ ಮಾಡಿಡುತ್ತಾನೆಂದು ಸಂತ ಇರುವ ಸ್ಪೇನಿನವರೆಗೂ ವಾಸನೆ ಬಂದಿತ್ತಂತೆ. ಬೈಸಿಕೊಂಡವರೆಲ್ಲ ನಕ್ಕರು. ತನ್ಮಯ ತನ್ನದನ್ನು ಎರಡು ಸಲ ಓದಿದ.

ಕಮರ್ ಜಹಾನ್‌ಗೂ ಒಂದು ಪೊಟ್ಟಣ ಸಿಕ್ಕಿತು. ಚಂದದ ಕೈವಸ್ತ್ರಗಳು. ಅವರು ಕಾಗದವನ್ನು ಕೊಡವಿ ನೋಡಿದರು.

"ನನ್ನ ಬೈಯೋಕೆ ಯಾರೂ ಇಲ್ವಾ?"

ತನ್ಮಯ ತಂಗಿಯ ಕಡೆ ಕಣ್ಣು ಹಾಯಿಸಿ, ಅಜ್ಜಿ, ಕಮರ್ ಜಹಾನ್ ಇಬ್ಬರ ನಡುವೆ ಬಗ್ಗಿ ಇಂಗ್ಲಿಷಿನಲ್ಲಿ ಗುಟ್ಟು ಹೇಳಿದ. ಇದನ್ನೆಲ್ಲ ಬರೆದು ಕಳಿಸುವುದು ಓಮಾ. ಮನೆಯವರನ್ನು ಮಾತ್ರ ಬೈಯುವುದು. ಗೆಸ್ಟುಗಳನ್ನು ಬೈಯಬಾರದು, ಅವರಿಗೆ ಬೇಜಾರಾಗುತ್ತದೆ.

"ಸರಿ ಬಿಡಪ್ಪ, ನಾನು ಗೆಸ್ಟು," ಎಂದರು ಕಮರ್ ಜಹಾನ್. "ನಿಮ್ಮ ಮದುವೆಗಳಲ್ಲಿ ಬೀಗರನ್ನ ಹಾಡು ಹೇಳಿ ಬೈಯಲ್ವಾ ವೇದಕ್ಕ, ಹಂಗೇ ಇದು. ನಮ್ಮ ಬೀದೀಲಿ ನಿಮ್ಮೋರ ಮದುವೆ ಆದ್ರೆ ಅದನ್ನ ಕೇಳೋಕೇಂತ ಕಾಂಪೌಂಡ್ ಹತ್ತಿ ಕೂತ್ಕೋತಿದ್ವಿ."

ವೇದಮ್ಮ ಏನೋ ಹೇಳಲು ಹೋದರು. ಅಷ್ಟರಲ್ಲಿ ಲೀಕೆ ಚೀಲದ ತಳದಿಂದ ಅವರ ಪೊಟ್ಟಣ ಎಳೆದು ತಂದು ಮಡಿಲಿಗೆ ಹಾಕಿದಳು. ಬಿಚ್ಚಿದರೆ ಡಬ್ಬಿಯೊಳಗೆ ಬೂದು ಬಣ್ಣದ ಉಣ್ಣೆಯ ಶಾಲು, ಕೈಯಲ್ಲಿ ಹೆಣೆದದ್ದು. ಮೇಲೊಂದು ಚೀಟಿ: ಗೌರವಾನ್ವಿತ ಶ್ರೀಮತಿ ವೇದಾ ಅವರಿಗೆ, ವಂದನೆಗಳೊಡನೆ. ಅಷ್ಟೇ.

ವೇದಮ್ಮ ಚೀಟಿಯನ್ನು ಮಗುಚಿದರು. ಶಾಲಿನ ಮಡಿಕೆ ಬಿಡಿಸಿದರು. ಡಬ್ಬಿಯನ್ನು ತಲೆಕೆಳಗು ಮಾಡಿ ತಳ ತಟ್ಟಿದರು.

"ಏನ್ ಹುಡುಕ್ತಿದೀಯಮ್ಮ?"

"ಏನಿಲ್ಲ."

"ತುಂಬಾ ಚೆನ್ನಾಗಿದೆ ಶಾಲು."

"ಚೆನ್ನಾಗಿದೆ," ಎಂದರು ವೇದಮ್ಮ. ತಾವೇ ತಂಗಿಯ ಮದುವೆಯಲ್ಲಿ ಗಂಡಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಲಾಡು ಕದ್ದು ಸೆರಗಿಗೆ ಕಟ್ಟಿಕೊಂಡಳೆಂದು ಹಾಡಿದವರು. ಆ ಹೆಂಗಸು ಸಿಟ್ಟಾಗಿದ್ದರೆ, ಹಾಡಿಗೆ ಸಿಟ್ಟಾಗೋದುಂಟೇ ಎಂದು ಇಡೀ ಚಪ್ಪರ ಆಡಿಕೊಳ್ಳುತ್ತಿತ್ತು. ಪಾಪ, ಆಕೆ ನಕ್ಕಿದ್ದಳು. ಅಂಥದ್ದನ್ನೇ ಕಾಗದದ ಮೇಲೆ ಬರೆದು ಕೊಟ್ಟಾಗ ತಮಗೆ ಗುರುತು ಸಿಗಲಿಲ್ಲ. ಟ್ರೂಸ್ ಮೊದಲ ಪದ್ಯವನ್ನೇ ತಮಗೆ ಕೊಟ್ಟಿದ್ದರು. ಈಗ ಗೌರವ ಕೊಟ್ಟಿದ್ದಾರೆ.

ಮರುದಿನ ಮಕ್ಕಳು ಸ್ಕೂಲಿಗೆ ಹೋದ ಮೇಲೆ ವೇದಮ್ಮ ಊಟದ ಮೇಜಿಗೆ ಹಾಳೆ ತಂದು ಕೂತರು. ಜಾಹ್ನವಿ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು.

"ಯಾರಿಗಮ್ಮ?"

"ನಿಮ್ಮತ್ತೆಗೆ. ನಾನು ಬರೀತೀನಿ, ಕೆಳಗಡೆ ನೀನು ಇಂಗ್ಲಿಷಲ್ಲಿ ಬರಿ."

ಹೆಚ್ಚು ಹೊತ್ತು ಹಿಡಿಯಲಿಲ್ಲ. ಧಾಟಿ ನಾಲಗೆಯ ಮೇಲೇ ಇತ್ತು.

ಬೀಗಿತ್ತಿ ಟ್ರೂಸಮ್ಮ ಬಲು ಜಾಣೆ, ಟೀ ಕೊಟ್ಟಾಳೆ
ಒಂದೇ ಬಿಸ್ಕತ್ತಿಟ್ಟು ಡಬ್ಬೀಯ ಮುಚ್ಚಿಟ್ಟಾಳೆ
ಬಟಾಣಿ ಸೂಪಲ್ಲಿ ಸೌಟನ್ನು ನೆಟ್ಟಾಳೆ
ಬೀಳದ ಸೌಟಿಗೆ ಆರತಿ ಎತ್ಯಾಳೆ

ಜಾಹ್ನವಿ ಓದಿ ಅಮ್ಮನ ಮುಖ ನೋಡಿದಳು. "ಅಮ್ಮ, ಇದನ್ನ ಕಳಿಸ್ತೀಯಾ? ಅವರು ಏನಾದ್ರೂ ಅಂದುಕೊಂಡ್ರೆ?"

"ಅಂದುಕೊಳ್ಳಲ್ಲ. ನಿಜವಾಗ್ಲೂ ಒಂದೇ ಬಿಸ್ಕತ್ತು ಕೊಟ್ಟಿದ್ರು ಕಣೆ. ನಾನು ಇನ್ನೊಂದಕ್ಕೆ ಕೈ ಚಾಚಿದೆ, ಟಪ್ ಅಂತ ಮುಚ್ಚಿಬಿಟ್ರು."

"ಅವರ ಕಡೆ ಎಲ್ಲರೂ ಹಂಗೇ ಅಮ್ಮ."

"ಅದಕ್ಕೇ ಬರೆದಿದೀನಿ."

ಹಾಡಿನ ಕೆಳಗೆ ವೇದಮ್ಮ ಇನ್ನೆರಡು ಸಾಲು ಸೇರಿಸಿದರು. ಕಾಗದಕ್ಕೆ ಉತ್ತರ ಬರೆಯದೆ ಮೂರು ವರ್ಷ ಕಳೆದದ್ದು ನನ್ನ ತಪ್ಪು. ಬರುವ ಡಿಸೆಂಬರಿಗೆ ನಾನು ಇಲ್ಲೇ ಇರುತ್ತೇನೆ, ನೀವು ಬನ್ನಿ, ನನ್ನ ಮೇಲೆ ಪದ್ಯವಿಲ್ಲದೆ ಬರಬೇಡಿ.

"ಫೋಟೋ ತೆಗೆದು ಈಗಲೇ ಕಳಿಸ್ಲಾ?" ಎಂದಳು ಜಾಹ್ನವಿ.

"ಬೇಡ. ಅವರು ಕಾಗದ ಬರೆದಿದ್ರು, ಕಾಗದವೇ ಹೋಗಲಿ."

ಜಾಹ್ನವಿ ಹೊರದೇಶದ ಸ್ಟ್ಯಾಂಪು ಹುಡುಕಿ ಅಂಟಿಸಿದಳು. ವಿಳಾಸ ಬರೆದಳು. ಇಬ್ಬರೂ ಕೋಟು ತೊಟ್ಟು, ಜಿನುಗುವ ಮಳೆಯಲ್ಲಿ ಬೀದಿಯ ಮೂಲೆಗೆ ನಡೆದರು. ನೀಲಿ ಅಂಚೆಡಬ್ಬದ ಬಾಯಿ ಎಳೆದು ವೇದಮ್ಮ ಲಕೋಟೆಯನ್ನು ಒಳಗೆ ಬಿಟ್ಟರು. ಮುಚ್ಚಳ ಬಿದ್ದ ಮೇಲೆ ಇನ್ನೊಮ್ಮೆ ಎಳೆದು, ಎಲ್ಲೂ ಸಿಕ್ಕಿಕೊಳ್ಳದೆ ಕೆಳಗೆ ಹೋಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಹೋಗಿತ್ತು.