ಅತ್ತೆ ಖಾಲಿ ಮಾಡಿದ ಹೊಗೆ

ಕಾಡ್ಗಿಚ್ಚಿನ ಹೊಗೆಯಲ್ಲಿ ಭೂಮಿಯನ್ನು ಬಿಸಿಯೇರಿಸುವ ಅನಿಲಗಳು ಎಷ್ಟಿವೆಯೆಂದು ಅಳೆಯುವುದು ಸೊಸೆಯ ಕೆಲಸ. ಆ ಸಂಜೆ ಅವಳು ಕಾಡಿನಿಂದ ಮರಳುವಷ್ಟರಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಹೊಗೆ ತುಂಬಿದ ಚೀಲಗಳನ್ನು ಮನೆಗೇ ತಂದು ಮಂಚದ ಮೇಲಿಟ್ಟು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಮಂಚ ಖಾಲಿ!

"ಬರೀ ಗಾಳಿ ತುಂಬ್ಕೊಂಡು ಜಾಗ ತಿಂತಿದ್ವು ಕಣೇ. ಎಲ್ಲ ಬಿಟ್ಟು, ನೀಟಾಗಿ ಮಡಚಿ ಕಪಾಟಲ್ಲಿಟ್ಟಿದ್ದೀನಿ," ಎಂದರು ಅತ್ತೆ.

"ಅತ್ತೆ, ಅದು ಗಾಳಿ ಅಲ್ಲ, ಹೊಗೆ!"

"ಓ, ಅದಕ್ಕೇ ಆಗ್ಲಿಂದ ಕೆಮ್ಮು!"

ಸೊಸೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅತ್ತೆ ಮಾತ್ರ ಸೆರಗು ಬಿಗಿದು ನಿಂತರು. "ನಾನು ಬಿಟ್ಟ ಹೊಗೆ, ನಾನೇ ತುಂಬಿಸಿ ಕೊಡ್ತೀನಿ. ನಡಿ, ನಾಳೆ ನಾನೂ ಬರ್ತೀನಿ." ಅವರು ಹಟ ಹಿಡಿದರೆ ಬ್ರಹ್ಮ ಬಂದರೂ ಬಿಡಿಸಲಾರ.

ಮರುದಿನ ಜೀಪಿನಿಂದಿಳಿದ ಅತ್ತೆ ಸುತ್ತ ಕಣ್ಣಾಡಿಸಿದರು. "ಬೆಂಕಿ ಎಲ್ಲಿ?"

"ನಿಮ್ಮ ಕಾಲಡಿ."

ಅತ್ತೆ ಟಣ್ಣನೆ ಹಾರಿ ಜೀಪಿನ ಮೆಟ್ಟಿಲೇರಿದರು. ಅಲ್ಲಿ ಉರಿಯುತ್ತಿದ್ದುದು ನೆಲವೇ. ಜೌಗಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿದ ಎಲೆ, ಬೇರುಗಳ ಕರಿ ಪದರ, ನೀರಾರಿದ ಮೇಲೆ ಕಿಡಿ ತಾಗಿ ಒಳಗೊಳಗೇ ಬೇಯುತ್ತಿತ್ತು. ಉಪಗ್ರಹದ ಕಣ್ಣಿಗೂ ಅದು ಸರಿಯಾಗಿ ಬೀಳದು.

ಧೈರ್ಯ ಬಂದ ಮೇಲೆ ಅತ್ತೆ ಚೀಲಕ್ಕೆ ಹೊಗೆ ಎಳೆಯುವ ಕೊಳವೆ ಹಿಡಿದರು, ಸೊಸೆ ಪಂಪು ಒತ್ತಿದಳು. ಹೊಗೆಯೋ, ಅವರು ಬಲಕ್ಕೆ ಹೋದರೆ ಎಡಕ್ಕೆ ಓಡುತ್ತಿತ್ತು.

"ಬಾ ಅಂದ್ರೆ ಹೋಗುತ್ತೆ, ಹೋಗು ಅಂದ್ರೆ ಮೈಮೇಲೆ ಬರುತ್ತೆ. ಥೇಟ್ ನಿನ್ನ ಮಾವ!"

ಸೊಸೆ ಬಿದ್ದು ಬಿದ್ದು ನಗುತ್ತಿದ್ದಾಗಲೇ ಆಚೆ ಹೆಮ್ಮರವೊಂದು ಧೊಪ್ಪನೆ ಉರುಳಿತು. ತುದಿಯಲ್ಲಿ ಇನ್ನೂ ಹಸಿರೆಲೆ. ಬೇರು ಮಾತ್ರ ಇದ್ದಿಲು. ಸೊಸೆಯ ನಗು ಅಲ್ಲೇ ನಿಂತಿತು. ಅತ್ತೆ ಮರದತ್ತ ಕೈ ತೋರಿದರು.

"ಇದೂ ನಿನ್ನ ಲೆಕ್ಕಕ್ಕೆ ಸೇರುತ್ತೇನೇ?"

"ಸೇರಿಸೋಕೇ ಬಂದಿರೋದು, ಅತ್ತೆ."

ಮರಳುವ ದಾರಿಯುದ್ದಕ್ಕೂ ಹೊಗೆ ತುಂಬಿದ ಚೀಲಗಳು ಅತ್ತೆಯ ಮಡಿಲಲ್ಲೇ ಇದ್ದವು. ಜೀಪು ಕುಲುಕಿದಾಗಲೆಲ್ಲ ಚಾಲಕನಿಗೆ ಬೈಗುಳ. ಪ್ರಯೋಗಾಲಯದಲ್ಲಿ ಯಂತ್ರದ ಮುಂದೆ ಕೂತ ಸೊಸೆಯ ಬೆನ್ನಿಗೇ ಅಂಟಿಕೊಂಡು ನಿಂತರು.

"ಚೆನ್ನಾಗಿ ಬಂತಾ?"

"ಭೂಮಿನ ಬಿಸಿ ಮಾಡೋ ಮೀಥೇನ್ ನಾವಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಇದೆ."

ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಅತ್ತೆ ಅರ್ಧಕ್ಕೇ ನಿಲ್ಲಿಸಿದರು. "ಅಂದ್ರೆ ಖುಷಿಪಡಬೇಕೋ ಬೇಡ್ವೋ?"

ಸೊಸೆ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಎದ್ದಳು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದರು.